ಹಸಿರು ನೀರು, ಬಿಚ್ಚಿಟ್ಟ ಬೇಲಿ

ಚಳಿಗಾಲ ಮುಗಿಯಿತೆಂದರೆ ಸಾಕು, ನಮ್ಮೂರಿನಲ್ಲಿ ಎಲ್ಲರಿಗೂ ಹಿತ್ತಲಿನ ಈಜುಕೊಳದ ಹೊದಿಕೆ ತೆಗೆಯುವ ಆತುರ. ಈಸ್ಟರ್ ಹಬ್ಬದ ಹಿಂದಿನ ದಿನ ರೆಜಿಸ್ ಕೂಡ ತೆಗೆದ. ಹೊದಿಕೆ ಎಳೆಯಲು ಅಡ್ಡವಾಗುತ್ತದೆಂದು ಕೊಳದ ಬೇಲಿಯ ಒಂದು ಬದಿಯನ್ನು ಬಿಚ್ಚಿ ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟ. ನೀರು ಸೊಪ್ಪಿನ ಸಾರಿನಂತೆ ಹಸಿರಾಗಿತ್ತು. ಅದು ತಿಳಿಯಾಗಲೆಂದು ಔಷಧಿ ಸುರಿದು ಪಂಪು ಓಡಿಸಿದ.

ಪಕ್ಕದ ಮನೆಯ ನಾದೆಜ್ ಗಿಡಗಳ ಮೇಲಿಂದ ಇಣುಕಿದಳು.

"ಏನಪ್ಪಾ ರೆಜಿಸ್, ಬೇಲಿ ಹಾಕೋದು ಮರೆತ್ಯಾ?"

"ನೀರು ತಿಳಿಯಾಗ್ಲಿ ಮಾರಾಯ್ತಿ. ಕಸ ತೆಗೆಯೋಕೆ ಓಡಾಡ್ಬೇಕಲ್ಲ."

"ನಾಳೆ ನಿನ್ನ ಮೊಮ್ಮಗಳು ಬರ್ತಾಳೆ ಅಂದಿದ್ದೆ. ಹಬ್ಬದ ಆಟಕ್ಕೆ ಅಂತ ತೋಟದಲ್ಲೆಲ್ಲ ಚಾಕೊಲೇಟ್ ಮೊಟ್ಟೆ ಬಚ್ಚಿಡ್ತೀಯ, ಅವಳು ಹುಡುಕ್ಕೊಂಡು ಓಡ್ತಾಳೆ. ಇವತ್ತೇ ಹಾಕಿಬಿಡು."

"ಈ ಕೊಳಕು ನೀರಿಗೆ, ಈ ಚಳೀಲಿ, ನಾಯಿನೂ ಇಳಿಯಲ್ಲ! ಮನೆ ತುಂಬ ಜನ ಇರ್ತೀವಿ, ಕಣ್ಣು ಮುಚ್ಕೊಂಡು ಕೂತಿರ್ತೀವಾ?"

"ಮನೆ ತುಂಬ ಜನ ಇದ್ದಾಗ್ಲೇ ಕಣೋ ಯಾರೂ ನೋಡ್ತಿರಲ್ಲ. ಕಾಲು ಜಾರಿ ನೀರಿಗೆ ಬಿದ್ರೆ ಮಗು ಕೂಗೋದೂ ಇಲ್ಲ."

"ಹಬ್ಬದ ಹೊತ್ತಲ್ಲಿ ಕೆಟ್ಟ ಮಾತು ಆಡ್ಬೇಡ, ಹೋಗು," ಎಂದು ರೆಜಿಸ್ ನಕ್ಕುಬಿಟ್ಟ.

ಮರುದಿನ ಮೂರು ವರ್ಷದ ಮಾಯೆಲಿಸ್ ಪುಟ್ಟ ಬುಟ್ಟಿ ಹಿಡಿದು ತೋಟವೆಲ್ಲ ಸುತ್ತಿದಳು. "ತಾತಾ, ಇನ್ನೊಂದು ಸಿಕ್ತು!" ಎಂದು ಪ್ರತಿ ಸಲವೂ ಓಡಿಬಂದು ತೋರಿಸಿದಳು. ಅಷ್ಟರಲ್ಲಿ ಊಟ ಬಂತು, ಮಾತು ಜೋರಾಯಿತು. ಮಗು ಅಜ್ಜಿಯ ಹತ್ತಿರ ಇದೆ ಎಂದು ತಾಯಿ ಅಂದುಕೊಂಡಳು. ತಾಯಿಯ ಹತ್ತಿರ ಇದೆ ಎಂದು ಅಜ್ಜಿ ಒದೀಲ್ ಅಂದುಕೊಂಡಳು. ರೆಜಿಸ್ ಕುರಿಮಾಂಸ ಕೊಯ್ದು ಬಡಿಸುತ್ತಿದ್ದ.

"ಮಾಯೆಲಿಸ್ ಎಲ್ಲಿ?" ತಾಯಿ ಕೇಳಿದಳು.

ರೆಜಿಸ್ ಮೊದಲು ಓಡಿದ್ದು ಕೊಳಕ್ಕೇ. ಬಗ್ಗಿ ನೋಡಿದ. ತಳ ಕಾಣಲಿಲ್ಲ, ಬರೀ ಹಸಿರು. "ಇಲ್ಲಿಲ್ಲ!" ಎಂದು ಕೂಗಿದ. ಎಲ್ಲರೂ ರಸ್ತೆಗೆ ಓಡಿದರು. ಅಯ್ಯೋ, ಅವನು ನೀರಿಗೆ ಒಂದು ಕೈ ಇಳಿಬಿಟ್ಟು ತಡಕಿದ್ದರೆ!

ಗಲಾಟೆ ಕೇಳಿ ಬಂದ ನಾದೆಜ್ ಯಾರನ್ನೂ ಕೇಳದೆ ಉಟ್ಟ ಬಟ್ಟೆಯಲ್ಲೇ ನೀರಿಗೆ ಧುಮುಕಿದಳು. ಮಗು ಅವಳ ಕೈಗೆ ಸಿಕ್ಕಿತು. ಎದೆ ಒತ್ತಿದಳು, ಉಸಿರು ಊದಿದಳು. ಆಂಬುಲೆನ್ಸಿನವರೂ ಬಂದು ಒತ್ತಿದರು. ಮಗು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ದಿನವೇ ರೆಜಿಸ್ ಬೇಲಿ ನಿಲ್ಲಿಸಲು ಹೊರಟ. ಬೋಲ್ಟು ಎರಡು ಸಲ ಕೈಯಿಂದ ಜಾರಿ ಹುಲ್ಲಿಗೆ ಬಿತ್ತು. ನಾದೆಜ್ ಬಂದು ಕಂಬ ಹಿಡಿದಳು.

"ನೀನು ಹೇಳಿದ್ದೆ," ಅಂದ ರೆಜಿಸ್. "ಒಂದು ಕಾಫಿ ಕುಡಿಯೋಷ್ಟು ಹೊತ್ತಿನ ಕೆಲಸ ಇದು, ನಾದೆಜ್."

ಒದೀಲ್ ಬಾಗಿಲಲ್ಲೇ ನಿಂತು ಕೇಳಿದಳು, "ಈಗ ಯಾರಿಗೋಸ್ಕರ ಹಾಕ್ತಿದೀಯ?"

ರೆಜಿಸ್ ಕೊನೆಯ ಬೋಲ್ಟು ಬಿಗಿದ. ಬೇಲಿಯ ಬಾಗಿಲಿಗೆ ಚಿಲಕ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದ.

ಮನೆಯಲ್ಲಿ ಕೊಳ ಇರುವವರೇ, ಹೊದಿಕೆ ತೆಗೆದ ಕೈಯನ್ನು ತೊಳೆಯುವ ಮೊದಲೇ ಬೇಲಿ ನಿಲ್ಲಿಸಿ. ನೀರು ಕೊಳಕು, ನೀರು ತಣ್ಣಗೆ ಅನ್ನುವುದೆಲ್ಲ ದೊಡ್ಡವರ ಮಾತು, ಮಗುವಿಗೆ ಗೊತ್ತಿಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಹೆಸರು ಹಿಡಿದು ಹೇಳಿ. ಮಗು ಕಾಣದಿದ್ದರೆ ರಸ್ತೆಗೆ ಓಡಬೇಡಿ, ಈಜು ಬಲ್ಲವರು ಮೊದಲು ಕೊಳಕ್ಕಿಳಿದು ತಡಕಿ. ರೆಜಿಸ್‌ನ ಬೇಲಿ ಈಗ ಗಟ್ಟಿಯಾಗಿ ನಿಂತಿದೆ. ನಿಮ್ಮ ಬೇಲಿ ಮಗು ಬರುವ ಮೊದಲೇ ನಿಲ್ಲಲಿ.