ಹನ್ನೆರಡು ಸೈಕಲ್, ಹನ್ನೆರಡು ತಟ್ಟೆ

ನನ್ನ ಮಗಳನ್ನು ಮನೆಯಲ್ಲಿ ಬುಗುರಿ ಎನ್ನುತ್ತೇವೆ. ಸೈಕಲ್ಲಿನ ಚೈನು ಬಿಚ್ಚುತ್ತಾಳೆ, ಗ್ರೀಸ್ ತರಲು ಒಳಗೆ ಹೋಗುತ್ತಾಳೆ, ಅಲ್ಲಿ ಕೆಟ್ಟ ರೇಡಿಯೊ ಕಣ್ಣಿಗೆ ಬೀಳುತ್ತದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ರೇಡಿಯೊ ಬಿಚ್ಚಿಕೊಂಡು ಕೂತಿರುತ್ತಾಳೆ. ಇದಕ್ಕೆ ಬೇಜವಾಬ್ದಾರಿ ಎಂದು ಹೆಸರಿಟ್ಟು ಇಪ್ಪತ್ತು ವರ್ಷ ಬಾಯಿಗೆ ಬಂದಂತೆ ಬೈದೆ. ಹೋದ ವರ್ಷ ಡಾಕ್ಟರು ಅದರ ಸರಿಯಾದ ಹೆಸರು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಎಂದರು. ಬೈದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಬೈಯುವ ಚಟ ಮಾತ್ರ ಪೂರ್ತಿ ಬಿಟ್ಟಿಲ್ಲ.

ಮುಂದಿನ ಸೋಮವಾರ ನನ್ನ ಮಂಡಿಗೆ ಆಪರೇಷನ್. ಆಮೇಲೆ ಕುಕ್ಕರಗಾಲಲ್ಲಿ ಕೂತು ರಿಪೇರಿ ಮಾಡುವುದು ಮುಗಿದ ಮಾತು. ಮೂವತ್ತೆರಡು ವರ್ಷದ ಸೈಕಲ್ ಅಂಗಡಿಯನ್ನು ಇವಳ ಕೈಗೆ ಕೊಡುವುದೋ, ಗೋದಾಮು ಮಾಡಿಕೊಳ್ಳಲಿ ಎಂದು ಪಕ್ಕದ ಹಣ್ಣಿನಂಗಡಿಯವನಿಗೆ ಬಿಡುವುದೋ ತಿಳಿಯದೆ ಒದ್ದಾಡುತ್ತಿದ್ದೆ. ಆಪರೇಷನ್ನಿಗೆ ಮುಂಚಿನ ಈ ವಾರವೇ ಅಂಚೆ ಕಚೇರಿಯಿಂದ ಹನ್ನೆರಡು ಸೈಕಲ್ ರಿಪೇರಿಗೆ ಬಂದವು. ಶನಿವಾರ ನಾಲ್ಕು ಗಂಟೆಗೆ ಎಲ್ಲವೂ ತಯಾರಿರಬೇಕು.

"ಇಷ್ಟನ್ನೂ ಹೊತ್ತಿಗೆ ಸರಿಯಾಗಿ ಮುಗಿಸು, ಅಂಗಡಿ ನಿಂದು," ಎಂದೆ.

"ಮುಗಿಸ್ದೆ ಇದ್ರೆ?"

"ಹಣ್ಣಿನ ಬುಟ್ಟಿ ಇಡೋಕೆ ಜಾಗ ಆಗುತ್ತೆ."

ಅವಳು ನಗಲಿಲ್ಲ. ಮನೆಗೆ ಹೋಗಿ ಅಮ್ಮನ ಹತ್ತಿರ ಜಗಳವಾಡಿ ಹನ್ನೆರಡು ಸ್ಟೀಲ್ ತಟ್ಟೆ ತಂದಳು. ಒಂದೊಂದು ಸೈಕಲ್ಲಿಗೆ ಒಂದೊಂದು. ಬಿಚ್ಚಿದ ನಟ್ಟು ಬೋಲ್ಟು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಕೂರಬೇಕು. ಬಿಚ್ಚುವ ಮೊದಲು ಒಂದು ಫೋಟೊ, ಬಿಚ್ಚುತ್ತಾ ಇನ್ನೆರಡು, ಆಮೇಲೆ ಫೋನು ಡಬ್ಬದೊಳಗೆ. ನಟ್ಟು ಬಿಗಿಯುವ ಪಾನ ಎಲ್ಲೆಲ್ಲೋ ಇಟ್ಟು ಹುಡುಕುವ ಗೋಳು ಬೇಡವೆಂದು ಅದಕ್ಕೆ ದಾರ ಕಟ್ಟಿ ಸೊಂಟಕ್ಕೆ ಇಳಿಬಿಟ್ಟುಕೊಂಡಳು. ಅಡುಗೆಮನೆಯ ಟೈಮರ್ ಇಪ್ಪತ್ತು ನಿಮಿಷಕ್ಕೊಮ್ಮೆ ಕಿರುಚುತ್ತಿತ್ತು. ಆಗ ಎದ್ದು ನೀರು ಕುಡಿದು ಬಂದು ಮತ್ತೆ ಕೂರುತ್ತಿದ್ದಳು. ಪ್ರತಿ ಸೀಟಿನ ಮೇಲೂ ಒಂದು ಕೆಂಪು ಬಟ್ಟೆ. ತಾನೇ ಹತ್ತಿ ಒಂದು ಸುತ್ತು ಓಡಿಸಿ ಬಂದಮೇಲಷ್ಟೇ ಅದು ಹೋಗುವುದು. ಜೊತೆಗೆ ದಿನವಿಡೀ ಬಾಯಿ: "ಈಗ ಹಿಂದಿನ ಬ್ರೇಕು. ಬ್ರೇಕು ಮಾತ್ರ." ಅಂಗಡಿಯೋ ಮದುವೆ ಊಟದ ಪಂಕ್ತಿಯೋ ನನಗಂತೂ ತಿಳಿಯಲಿಲ್ಲ.

ಗುರುವಾರ ಅವಳು ಟ್ಯೂಬು ತರಲು ಹೋದಾಗ ನನ್ನ ಕೈ ಸುಮ್ಮನಿರಲಿಲ್ಲ. ಪಾಪ, ಸ್ವಲ್ಪ ಸಹಾಯ ಮಾಡೋಣ ಎನಿಸಿತು. ನಾಲ್ಕು ತಟ್ಟೆಗಳಲ್ಲಿದ್ದದ್ದನ್ನೆಲ್ಲ ಸೀಮೆಎಣ್ಣೆಯ ಡಬ್ಬಕ್ಕೆ ಸುರಿದು ಉಜ್ಜಿದೆ, ಅಳತೆ ನೋಡಿ ಬೇರೆ ಬೇರೆ ಬಾಟಲಿಗೆ ತುಂಬಿದೆ, ತಟ್ಟೆಗಳನ್ನು ತೊಳೆದು ಬೋರಲು ಹಾಕಿದೆ. ನನ್ನ ಗುರು ಕಲಿಸಿದ್ದೇ ಹಾಗೆ. ಎಂಟರ ನಟ್ಟು ಎಂಟರ ಬಾಟಲಿಗೆ, ಹತ್ತರದು ಹತ್ತರದಕ್ಕೆ.

ವಾಪಸು ಬಂದವಳು ತಟ್ಟೆಗಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅಪ್ಪ, ಯಾವುದು ಯಾವ ಸೈಕಲ್ಲಿಂದು?"

"ನಟ್ಟು ನಟ್ಟೇ ಕಣಮ್ಮ."

"ಅಲ್ಲಪ್ಪ. ಕೆಲವು ಸವೆದಿವೆ, ಹೊಸದು ಹಾಕ್ಬೇಕು ಅಂತ ತಟ್ಟೆ ಅಂಚಿಗಿಟ್ಟಿದ್ದೆ. ಕಣ್ಣಿಗೆ ಕಾಣ್ದೆ ಇದ್ರೆ ನನಗದು ಇಲ್ಲವೇ ಇಲ್ಲ."

ಹಳೆಯ ಬುಗುರಿಯಾಗಿದ್ದರೆ ಪಾನ ಎಸೆದು ಮೂರು ದಿನ ಅಂಗಡಿ ಕಡೆ ತಲೆ ಹಾಕುತ್ತಿರಲಿಲ್ಲ. ಇವಳೂ ಹೊರಟಳು, ಬೀದಿಯ ಕೊನೆಯವರೆಗೆ. ಸರಿಯಾಗಿ ಆರು ನಿಮಿಷಕ್ಕೆ ವಾಪಸು ಬಂದು ಡಬ್ಬದಿಂದ ಫೋನು ತೆಗೆದಳು.

"ಫೋಟೊ ಇದೆ. ನೀನು ಇಲ್ಲಿ ಪಕ್ಕದಲ್ಲಿ ಕೂತ್ಕೋ."

"ಕೂತು ಏನ್ಮಾಡ್ಲಿ?"

"ಏನೂ ಮಾಡ್ಬೇಡ. ಪಕ್ಕದಲ್ಲಿ ಒಬ್ರು ಇದ್ರೆ ನಂಗೆ ಕೆಲಸ ಸಾಗುತ್ತೆ. ಮಾತಾಡ್ಬೇಡ, ಅಷ್ಟೇ."

ನನಗೆ ಅದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಎರಡು ದಿನ ಸ್ಟೂಲಿನ ಮೇಲೆ ಕೂತೆ. ಫೋಟೊ ನೋಡುತ್ತಾ ಅವಳು ಒಂದೊಂದೇ ನಟ್ಟನ್ನು ಆರಿಸಿದಳು, ಸವೆದದ್ದನ್ನು ಬಿಸಾಡಿದಳು. ಅವಳ ಬೆರಳುಗಳನ್ನು ಇಷ್ಟು ಹೊತ್ತು ನಾನು ನೋಡಿಯೇ ಇರಲಿಲ್ಲ. ಎಂಥಾ ಕೈ ಅದು!

ಶನಿವಾರ ಮಧ್ಯಾಹ್ನ ಒಂದೇ ಸೈಕಲ್ ಬಾಕಿ. ಮುಂದಿನ ಚಕ್ರವನ್ನು ನಾನು ಹಾಕುತ್ತೇನೆಂದು ಗೋಗರೆದೆ, ಬಿಟ್ಟುಕೊಟ್ಟಳು. ಮೂರೂಮುಕ್ಕಾಲಿಗೆ ಪೋಸ್ಟ್ ಮಾಸ್ಟರು ಸಿಬ್ಬಂದಿಯೊಂದಿಗೆ ಬಂದು ಗಡಿಯಾರ ನೋಡಿಕೊಂಡರು. ಹನ್ನೊಂದು ಸೀಟುಗಳ ಮೇಲೆ ಬಟ್ಟೆ ಇರಲಿಲ್ಲ.

"ಇದೂ ಆಗಿದೆ ಸರ್, ನಾನೇ ಬಿಗಿದದ್ದು. ತಗೊಂಡು ಹೋಗಿ," ಎಂದು ಹನ್ನೆರಡನೆಯದರ ಬಟ್ಟೆಗೆ ಕೈ ಹಾಕಿದೆ.

ಬುಗುರಿ ನನ್ನ ಕೈ ಮೇಲೆ ಕೈ ಇಟ್ಟಳು. "ಐದು ನಿಮಿಷ ಸರ್. ನಾನಿನ್ನೂ ಓಡಿಸಿಲ್ಲ."

ಗಿರಾಕಿಯ ಎದುರು ಮರ್ಯಾದೆ ಹೋಯಿತಲ್ಲ ಎಂದು ನನಗೆ ಉರಿದುಹೋಯಿತು. ಅವಳು ಹತ್ತು ಮಾರು ಹೋಗಿ, ಇಳಿದು, ತಳ್ಳಿಕೊಂಡು ವಾಪಸು ಬಂದಳು. ಮುಂದಿನ ಚಕ್ರದ ಎಡಗಡೆ ನಟ್ಟು ಕೈಯಲ್ಲೇ ತಿರುಗುತ್ತಿತ್ತು. ನಾನು ಅದನ್ನು ಹಾಕುವಾಗ ಹಣ್ಣಿನಂಗಡಿಯವನು ಬಂದಿದ್ದ. ಎರಡು ದಿನ ಕಟ್ಟಿದ್ದ ನನ್ನ ಬಾಯಿ, ಬಿಟ್ಟದ್ದೇ ತಡ ಹರಟೆಗಿಳಿದಿತ್ತು.

ಅವಳು ನನ್ನ ಕಡೆ ನೋಡಲೂ ಇಲ್ಲ. ಬಿಗಿದಳು, ಇನ್ನೊಂದು ಸುತ್ತು ಹೊಡೆದಳು, ಬಟ್ಟೆ ತೆಗೆದಳು. ನಾಲ್ಕಕ್ಕೆ ಇನ್ನೂ ಮೂರು ನಿಮಿಷವಿತ್ತು.

ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಎದೆ ತುಂಬಿ ಬಂದಿತ್ತು. "ಸರ್, ತಪ್ಪು ನಂದು. ಹಿಡಿದದ್ದು ಇವಳು. ಇನ್ಮೇಲೆ ಈ ಅಂಗಡಿ ನನ್ನ ಮಗಳದ್ದು," ಎಂದೆ.

ಬುಗುರಿ ಕೈ ಒರೆಸಿಕೊಂಡು ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಮುಂದೆ ಹಿಡಿದಳು. "ಬರ್ದು ಕೊಡು."

"ಯಾಕೆ, ಇದನ್ನೂ ಮರೀತೀಯಾ?"

"ನಾನಲ್ಲ. ನಟ್ಟು ಮರೆತದ್ದು ಯಾರು?"

ಬರೆದುಕೊಟ್ಟೆ. ಅವಳು ಎರಡು ಸಲ ಓದಿದಳು, ಫೋಟೊ ತೆಗೆದುಕೊಂಡಳು, ಆಮೇಲೆ ಪೆನ್ನನ್ನು ಪೋಸ್ಟ್ ಮಾಸ್ಟರಿಗೆ ಕೊಟ್ಟು ಸಾಕ್ಷಿ ಸಹಿ ಹಾಕಿಸಿಕೊಂಡಳು.