ಮೂರು ಕೂಗು

ಬೀದರ ಕೋಟೆಯ ಹಿಂಬದಿಗೆ, ಹಿಂದೆ ಸೈನಿಕರು ಕಣಿವೆಗೆ ಇಳಿಯಲೆಂದು ಕೆಂಪು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಮೇಲೊಂದು ಕಬ್ಬಿಣದ ಬಾಗಿಲು. ಸಂಜೆ ಕಾವಲುಗಾರ ಕೆಳಗೆ ಬಗ್ಗಿ ಮೂರು ಸಲ ಕೂಗಬೇಕು. ಯಾರೂ ಓ ಅನ್ನದಿದ್ದರೆ ಮಾತ್ರ ಬೀಗ. ಫಕ್ರುನ್ನಿಸಾಳ ಅಪ್ಪ ಹುಸೇನ ಇಲ್ಲೇ ಕಾವಲಿಗಿದ್ದವನು. ಆ ಮೂರು ಕೂಗನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆದರೂ ಊರು ಅವನನ್ನೇ ಆಡಿಕೊಂಡಿತು.

ನಲವತ್ತೆರಡು ವರ್ಷಗಳ ಮೇಲೆ ಫಕ್ರುನ್ನಿಸಾ ಮತ್ತೆ ಈ ಬಾಗಿಲಿಗೆ ಬಂದಿದ್ದಳು. ನೌಬಾದದಿಂದ ಬರುವಾಗ ಆಟೋ ತಿರುಗಿಸು ಎನ್ನಲು ಎರಡು ಸಲ ಬಾಯಿ ತೆರೆದು ಮುಚ್ಚಿದ್ದಳು.

ಹತ್ತು ವರ್ಷದವಳಿದ್ದಾಗ ತಂಗಿ ಮುಸರ್ರತಳ ಜೊತೆ ಇಲ್ಲಿ ಕಣ್ಣಾಮುಚ್ಚಾಲೆ ಆಡಿದ್ದಳು. ತಾನು ಕರೆಯುವತನಕ ಯಾರು ಕೂಗಿದರೂ ಓ ಅನ್ನಬಾರದು ಎಂದು ಆಣೆ ಹಾಕಿಸಿ, ಹುಡುಕುವುದನ್ನು ಬಿಟ್ಟು ಬಳೆಗಾರನ ಹಿಂದೆ ಓಡಿದ್ದಳು. ಅಪ್ಪ ಮೂರು ಸಲ ಕೂಗಿದ. ಇಬ್ಬರೂ ಮನೆಗೆ ಹೋಗಿರಬೇಕೆಂದು ಬೀಗ ಹಾಕಿದ. ಕತ್ತಲಾದ ಮೇಲೆ ಲಾಟೀನು ಹಿಡಿದು ಹುಡುಕಿದಾಗ ಮುಸರ್ರತ ಸಿಕ್ಕಿದ್ದು ಕೆಳಗಿನ ಬಂಡೆಗಳ ನಡುವೆ. ಬೇರೆ ದಾರಿ ಹುಡುಕಲು ಹೋಗಿ ಜಾರಿ ಬಿದ್ದು ಜೀವ ಬಿಟ್ಟಿದ್ದಳು. ಮಗು ಯಾಕೆ ಓ ಅನ್ನಲಿಲ್ಲ ಎಂದು ಕೊನೆಯವರೆಗೂ ಕೇಳುತ್ತಲೇ ಇದ್ದು ಅಪ್ಪ ಸತ್ತ. ಫಕ್ರುನ್ನಿಸಾ ಬಾಯಿ ಬಿಡಲಿಲ್ಲ. ಎಂಥ ಅಂಜುಬುರುಕಿ!

“ಅಕ್ಕಾರ, ಈ ಕಡಿ ಬರ್ರಿ, ಕೀಲಿ ಹಾಕಬೇಕು,” ಎಂದ ಈಗಿನ ಕಾವಲುಗಾರ ಕಾಶೀನಾಥ. “ನಾ ಕೂಗಿದ ಮ್ಯಾಲ ಸಣ್ಣ ಹೆಜ್ಜಿ ಸಪ್ಪಳ ಬರ್ತದ್ರಿ. ಮೆಟ್ಟಲಾ ಹತ್ತಿ ಕಡೀ ಪಾವಟಿಗಿಗೆ ಬಂದು ನಿಂದರ್ತದ. ಓ ಮಾತ್ರ ಅನ್ನಂಗಿಲ್ಲ. ನೀವು ಅಂಜಬ್ಯಾಡ್ರಿ.”

ಕಾಶೀನಾಥ ಮೂರು ಸಲ ಕೂಗಿದ. ಕೆಳಗಿನಿಂದ ಬರಿಗಾಲಿನ ಸಪ್ಪಳ ಒಂದೊಂದೇ ಮೆಟ್ಟಿಲು ಹತ್ತಿ ಬಂತು. ಆಕೆಯ ಕಾಲಬುಡದಲ್ಲಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಫಕ್ರುನ್ನಿಸಾಳಿಗೆ ಓಡಿಹೋಗಬೇಕೆನಿಸಿತು, ಆದರೆ ಒಮ್ಮೆ ಓಡಿದ್ದೇ ಸಾಕಾಗಿತ್ತು.

“ಆಜಾ ಮುಸರ್ರತ,” ಎಂದು ಆಟ ಮುಗಿಸಲು ಮನೆಮಾತಿನಲ್ಲೇ ಕರೆದಳು. “ಖೇಲ್ ಖತಮ್.”

“ಓ!” ಎಂದು ಅಕ್ಕನಿಗೆ ಓಗೊಟ್ಟಿತು ಎಳೆಯ ದನಿ. “ಅಬ್ಬಾ ಮೂರು ಸಲ ಕೂಗಿದ್ರು ಆಪಾ. ನಾ ಓ ಅನ್ನಲೇ ಇಲ್ಲ ನೋಡು!”

ಆಟ ಗೆದ್ದ ಖುಷಿ ಆ ದನಿಯಲ್ಲಿತ್ತು. ಕಾಶೀನಾಥನಿಗೂ ಅದು ಕೇಳಿಸಿತ್ತು. ಅವನು ಬೀಗ ಹಿಡಿದುಕೊಂಡು ಆಕೆಯ ಮುಖವನ್ನೇ ನೋಡಿದ.

“ನಾನೇ ಓ ಅನ್ನಬ್ಯಾಡ ಅಂದಿದ್ದೆರಿ,” ಎಂದಳು ಫಕ್ರುನ್ನಿಸಾ. “ನಮ್ಮ ಅಬ್ಬಾಂದು ಏನೂ ತಪ್ಪಿಲ್ಲ.”