ಗುಂಡುಸೂಜಿಯ ತಲೆಯಷ್ಟು

ಇದೇ ಜಾಗ, ತುಟಿಯ ಎಡ ಮೂಲೆ, ಒದ್ದೆ ಹತ್ತಿ ಇಲ್ಲಿಗೆ ಬಂದಾಗಲೆಲ್ಲ ಮುದುಕ ದರ್ಜಿಯ ಕೈ ತಾನಾಗಿ ಹಗುರಾಗುತ್ತದೆ — ಗುಂಡುಸೂಜಿಯ ತಲೆಯಷ್ಟು ಗುಳ್ಳೆ, ಮೊನ್ನೆ ಒಂದು, ಇವತ್ತು ಮೂರು, ಐಸಿಯುವಿನಲ್ಲಿ ಹನ್ನೊಂದನೆಯ ದಿನ, ಹೆಂಡತಿಯ ಬಾಯಿಗೆ ಕೊಳವೆ, ಕೊಳವೆಗೆ ಬಿಳಿ ಟೇಪು, ಅವಳ ಬದಲು ಯಂತ್ರ ಉಸಿರಾಡುತ್ತಿದೆ, ತನ್ನ ಬದಲು ಇನ್ನೊಬ್ಬರು ಮಾಡಿದ್ದನ್ನು ಇವಳು ಎಂದಾದರೂ ಒಪ್ಪಿದ್ದಳೆ, ಗಂಡ ಹೊಲಿದ ಗುಂಡಿ ಕಾಜಾ ಬಿಚ್ಚಿ ಮತ್ತೆ ಹೊಲಿಯುವವಳು, ಬಟ್ಟೆಗೆ ಗುರುತು ಹಾಕುವಾಗ ಗುಂಡುಸೂಜಿಗಳನ್ನು ಇದೇ ಮೂಲೆಯಲ್ಲಿ ಕಚ್ಚಿಕೊಳ್ಳುತ್ತಿದ್ದಳು, ಆ ಹೊತ್ತು ಮಾತ್ರ ಅಂಗಡಿ ತಣ್ಣಗೆ, ಏನು ಕೇಳಿದರೂ ಹ್ಞೂಂ, ಸೂಜಿ ತೆಗೆದಳೋ ಶುರು — ಏನ್ರೀ, ಆ ತೋಳನ್ನ ಕಿವಿಗೆ ಹೊಲೀತೀರಾ, ಭುಜ ಎಲ್ಲಿರುತ್ತೆ ಅಂತ ಗೊತ್ತಾ. ಜ್ವರ ಬಂದರೆ ಗುಳ್ಳೆ ಏಳುವುದೂ ಅಲ್ಲೇ, ಮದುವೆ ಫೋಟೋದಲ್ಲಿ ಅದಕ್ಕೇ ಮುಖ ತಿರುಗಿಸಿ ಕೂತಿದ್ದಾಳೆ, ಮೊದಲ ದಿನವೇ ಮುನಿಸಾ ಅಂತ ನೋಡಿದವರೆಲ್ಲ ನಕ್ಕರು, ಗುಳ್ಳೆ ಎದ್ದಿತೆಂದರೆ ಜ್ವರ ಹೊರಟಂತೆ, ಕಾವು ಹೊರಗೆ ಬಿತ್ತು ರೀ, ನಾಳೆ ಅಂಗಡಿಗೆ ಬರ್ತೀನಿ, ಬಂದೇ ಬರುತ್ತಿದ್ದಳು, ಒಂದು ಸಲವೂ ತಪ್ಪಿರಲಿಲ್ಲ, ಅದಕ್ಕೇ ಮೊನ್ನೆ ಮೊದಲನೆಯದು ಕಂಡಾಗ ಜೀವ ಹೂವಾಗಿತ್ತು, ಇದೇನಜ್ಜ ಅಂತ ನರ್ಸಮ್ಮ ಕೇಳಿದರೆ ಟೇಪು ಉಜ್ಜಿದ್ದು ತಾಯಿ ಅಂದುಬಿಟ್ಟ, ಮದ್ದು ಹಚ್ಚಿ ಆರಿಸಿಬಿಟ್ಟರೆ ಕಾವು ಒಳಗೇ ಉಳಿದರೆ — ಇವತ್ತು ಡಾಕ್ಟರಮ್ಮ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು, ಇದು ಟೇಪಿನ ಗಾಯ ಅಲ್ಲ ಅಜ್ಜ, ಚಿಕ್ಕಂದಿನಲ್ಲೇ ಸೇರ್ಕೊಂಡ ವೈರಸ್ಸು, ನರದೊಳಗೆ ಮಲಗಿರುತ್ತೆ, ಮೈ ಸೋತಾಗ ಏಳುತ್ತೆ, ಶ್ವಾಸಕೋಶಕ್ಕೂ ಇಳಿದಿದ್ಯಾ ನೋಡ್ಬೇಕು, ಯಾವಾಗಿಂದ ಇದೆ? ಬೆಳಿಗ್ಗೆಯಿಂದ ಅನ್ನಬಹುದಿತ್ತು, ಆ ಸುಳ್ಳು ನಾಲಿಗೆ ತುದಿಗೂ ಬಂದಿತ್ತು, ಆದರೆ ನಿಜ ಹೇಳಿಬಿಟ್ಟ, ಮೊನ್ನೆಯಿಂದ ತಾಯಿ, ನಾನೇ ಮುಚ್ಚಿಟ್ಟೆ, ಇದು ಬಂದ್ರೆ ಅವಳು ಏಳ್ತಾಳೆ ಅಂತ. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಔಷಧಿ ಈಗಲೇ ಶುರು ಮಾಡೋಣ ಅಂದರು, ಹೊಸ ಬಾಟಲಿ ತೂಗಿತು, ಕೊಳವೆಯಿಂದ ಕಫ ಎಳೆದು ಪರೀಕ್ಷೆಗೆ ಕಳಿಸಿದರು, ನಾಳೆ ಗೊತ್ತಾಗುತ್ತಂತೆ, ಐವತ್ತು ವರ್ಷ ಇವಳ ಜೊತೆ ಮಲಗಿದವನು ತಾನೊಬ್ಬನೇ ಅಂದುಕೊಂಡಿದ್ದ, ಒಳಗೆ ಆ ಪುಟ್ಟದ್ದೂ ಮಲಗಿತ್ತಂತೆ, ಇವನಿಗಿಂತ ಮೊದಲೇ, ಹೇಳಿದರೆ ಎಷ್ಟು ನಗುತ್ತಾಳೋ, ಮುಚ್ಚಿಟ್ಟ ಎರಡು ದಿನ ಎಷ್ಟು ದೊಡ್ಡದು, ಎರಡು ದಿನದಲ್ಲಿ ಇವಳು ಮೂರು ಲಂಗ ಹೊಲಿದು ಮುಗಿಸುವಳು, ಬೈಯೇ, ಕಿವಿಗೆ ತೋಳು ಹೊಲಿದ ಮುದುಕನನ್ನ ಬೈಯೇ, ಹತ್ತಿ ಮತ್ತೆ ಮೂಲೆಗೆ ಬರುತ್ತದೆ, ಕೈ ನಿಲ್ಲುತ್ತದೆ, ಹ್ಞೂಂ ಕೂಡ ಇಲ್ಲ, ತುಟಿಯ ಮೂಲೆಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳು, ತೆಗೆಯೇ ಇವಳೇ, ತೆಗೆದು ಮಾತಾಡೇ, ಮೂರು ತಲೆ, ಗಾಜಿನಂಥವು, ಮೂರು —